ಮಾರುತನಿಗೆ ಸಿಗದ ಎಂಜಿನ್

ಅಮೀನಗಡದಲ್ಲಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದವರು ಕರದಂಟಿನ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿ ಕಣ್ಣು ಮುಚ್ಚುತ್ತಾರೆ. ಚಿತ್ರದುರ್ಗದಲ್ಲೊಮ್ಮೆ ಎಚ್ಚರ, ತುಮಕೂರಿನಲ್ಲಿ ಇನ್ನೊಮ್ಮೆ, ಬೆಳಗಿನ ಜಾವಕ್ಕೆ ಮೆಜೆಸ್ಟಿಕ್ಕು. ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಈ ಎರಡು ಊರುಗಳ ನಡುವಿನ ಅಂತರ ಸುಮಾರು 390 ಕಿ.ಮೀ. ಶಬ್ದದ ಮೂರು ಪಟ್ಟು ವೇಗದಲ್ಲಿ ಹೋಗುವ ವಿಮಾನಕ್ಕೆ ಅದು ಏಳೂವರೆ ನಿಮಿಷದ ದಾರಿ.

ಇಂಥ ವಿಮಾನಗಳ ಸುದ್ದಿಗೆ ಈಗ ಬರವಿಲ್ಲ. ರಷ್ಯಾದ ಮಿಗ್-41 ಬರಲಿದೆಯಂತೆ, ಶಬ್ದದ ನಾಲ್ಕು ಪಟ್ಟು ವೇಗವಂತೆ, ಬಾಹ್ಯಾಕಾಶದ ಅಂಚಿಗೆ ಏರುತ್ತದಂತೆ. ಮೊಬೈಲಿನಲ್ಲಿ ಹರಿದಾಡುವ ಅದರ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಬರೆದವು; ವಿಮಾನ ಹಾರಿದ್ದನ್ನು ಹೊರಜಗತ್ತು ಇನ್ನೂ ಕಂಡಿಲ್ಲ. ಆದರೂ ವಿಡಿಯೊ ನೋಡಿದ ಹುಡುಗರು ಕೇಳುವ ಪ್ರಶ್ನೆ ಮಾತ್ರ ನ್ಯಾಯವಾದದ್ದೇ: ನಮ್ಮದು ಯಾವಾಗ? ಉತ್ತರ ಹುಡುಕಲು ಮಾಸ್ಕೋಗೆ ಹೋಗಬೇಕಾಗಿಲ್ಲ, ಆ ಬಸ್ಸು ಇಳಿಸುವ ಊರಲ್ಲೇ ಅದು ಅರುವತ್ತು ವರ್ಷಗಳಿಂದ ಬಿದ್ದುಕೊಂಡಿದೆ. ಅಲ್ಲಿಗೆ ಹೋಗುವ ಮೊದಲು ಈ ವೇಗ ಅಂದರೆ ಏನು, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದನ್ನು ನೋಡಿಕೊಳ್ಳೋಣ.

ಮಿಗ್-41 ಸೇರಿದ ಇಂಟರ್‌ಸೆಪ್ಟರ್ ಎಂಬ ಜಾತಿಯ ವಿಮಾನಕ್ಕೆ ಇರುವುದು ಒಂದೇ ಕೆಲಸ. ಶತ್ರುವಿನ ಬಾಂಬರ್ ಬರುತ್ತಿದೆ ಎಂದು ರಾಡಾರ್ ಹೇಳಿದ ಕೂಡಲೇ ಮೇಲೇರಬೇಕು, ಅದು ನಗರವನ್ನು ಮುಟ್ಟುವ ಮೊದಲೇ ಎದುರು ಹೋಗಿ ಹೊಡೆಯಬೇಕು. ಸುತ್ತಿ ಸುತ್ತಿ ಕಾದಾಡುವುದು, ನೆಲದ ಮೇಲೆ ಬಾಂಬು ಹಾಕುವುದು ಇವೆಲ್ಲ ಅದರ ಕಸುಬಲ್ಲ. ಎರಡನೇ ಮಹಾಯುದ್ಧ ಮುಗಿದು ಅಣುಬಾಂಬು ವಿಮಾನದ ಹೊಟ್ಟೆ ಸೇರಿದ ಮೇಲೆ, ಒಂದೇ ಒಂದು ಬಾಂಬರ್ ತಪ್ಪಿಸಿಕೊಂಡರೂ ಒಂದು ನಗರವೇ ಹೋಯಿತು ಎಂಬ ಭಯ ಹುಟ್ಟಿತು. 1950ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಕೆನಡಾ ಎಲ್ಲವೂ ಈ ಜಾತಿಯ ಬೆನ್ನು ಹತ್ತಿದ್ದಕ್ಕೆ ಆ ಭಯವೇ ಕಾರಣ.

ವೇಗದ ಮೊದಲ ಶತ್ರು ಬಿಸಿ. ಹನ್ನೊಂದು ಕಿಲೋಮೀಟರ್ ಎತ್ತರಕ್ಕೆ ಹೋದರೆ ಹೊರಗಿನ ಗಾಳಿ ಮೈನಸ್ 56 ಡಿಗ್ರಿ ಸೆಲ್ಸಿಯಸ್, ಕೊರೆಯುವ ಚಳಿ. ಆದರೆ ವಿಮಾನ ಆ ಗಾಳಿಗೆ ಗುದ್ದಿದಾಗ ಎದುರಿನ ಗಾಳಿ ಒತ್ತಿಕೊಂಡು, ಮೂಗಿನ ತುದಿಯಲ್ಲಿ ನಿಂತು, ಕಾಯುತ್ತದೆ. ಮ್ಯಾಕ್ 2 ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾಗೆ ನಿಂತ ಗಾಳಿಯ ಬಿಸಿ 117 ಡಿಗ್ರಿ. ನಮ್ಮೂರಲ್ಲಿ ಕರದಂಟಿಗೆ ಬೆಲ್ಲದ ಪಾಕ ಹದಕ್ಕೆ ಬರುವುದೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ. ಅಲ್ಲಿಯವರೆಗೆ ಅಲ್ಯೂಮಿನಿಯಂ ಮೈ ತಡೆದುಕೊಳ್ಳುತ್ತದೆ. ಕಾಂಕಾರ್ಡ್ ಪ್ರಯಾಣಿಕ ವಿಮಾನ ಮ್ಯಾಕ್ 2ರ ಆಸುಪಾಸಿನಲ್ಲೇ ನಿಂತದ್ದು ಇದೇ ಲೆಕ್ಕದಿಂದ. ಮ್ಯಾಕ್ 3ಕ್ಕೆ ಹೋದರೆ 333 ಡಿಗ್ರಿ, ಸೀಸ ಕರಗಿಬಿಡುತ್ತದೆ. ಮ್ಯಾಕ್ 4ಕ್ಕೆ 637, ಅಂದರೆ ಅಲ್ಯೂಮಿನಿಯಂ ಕರಗುವ ಬಿಂದುವಿಗೆ ಇನ್ನು ಇಪ್ಪತ್ತಮೂರೇ ಡಿಗ್ರಿ ಬಾಕಿ. ಮ್ಯಾಕ್ 5ಕ್ಕೆ ಸಾವಿರ ದಾಟಿತು. ವೇಗ ಎರಡು ಪಟ್ಟಾದರೆ ಈ ಹೆಚ್ಚುವರಿ ಬಿಸಿ ನಾಲ್ಕು ಪಟ್ಟಾಗುತ್ತದೆ. ಮಿಗ್-41ರ ವಿಡಿಯೊ ಮಾಡುವವರು ಈ ಲೆಕ್ಕವನ್ನು ಹೇಳುವುದಿಲ್ಲ.

ಸೋವಿಯತ್ ಎಂಜಿನಿಯರುಗಳು ಮಿಗ್-25ನ್ನು ಕಟ್ಟುವಾಗ ಇದಕ್ಕೆ ಕಂಡುಕೊಂಡ ದಾರಿ ಸರಳ, ಸ್ವಲ್ಪ ಒರಟು. ಟೈಟಾನಿಯಂ ದುಬಾರಿ, ಬೆಸುಗೆಗೂ ಬಗ್ಗುವುದಿಲ್ಲ. ಹಾಗಾಗಿ ಮೈಯ ಬಹುಪಾಲನ್ನು ನಿಕ್ಕಲ್ ಬೆರೆತ ಉಕ್ಕಿನಿಂದಲೇ ಮಾಡಿದರು. ಉಕ್ಕಿನ ವಿಮಾನ! 1976ರ ಸೆಪ್ಟೆಂಬರ್ 6ರಂದು ವಿಕ್ಟರ್ ಬೆಲೆಂಕೊ ಎಂಬ ಪೈಲಟ್ ಒಂದು ಮಿಗ್-25ನ್ನು ಜಪಾನಿನ ಹಾಕೊಡಾಟೆಗೆ ಹಾರಿಸಿಕೊಂಡು ಹೋಗಿ ಆಶ್ರಯ ಕೇಳಿದಾಗ, ಅದನ್ನು ಬಿಚ್ಚಿ ನೋಡಿದ ಅಮೆರಿಕನ್ನರಿಗೆ ಅದರ ಭಾರ ಕಂಡು ಅಚ್ಚರಿ. ಬಿಸಿಯಾಗುವ ಉಪಕರಣಗಳನ್ನು ತಣಿಸಲು ಅದರಲ್ಲಿ ಮದ್ಯಸಾರ ಬೆರೆಸಿದ ನೀರು ತುಂಬುತ್ತಿದ್ದರು. ಆ ದ್ರವ ವಿಮಾನದಲ್ಲಿ ಖರ್ಚಾದದ್ದಕ್ಕಿಂತ ನೆಲದ ಮೇಲೆ ಖರ್ಚಾದದ್ದೇ ಜಾಸ್ತಿ ಎಂಬ ತಮಾಷೆ ಸೋವಿಯತ್ ವಾಯುನೆಲೆಗಳಲ್ಲಿ ಬಹಳ ಹಳೆಯದು. ಇಷ್ಟೆಲ್ಲ ಮಾಡಿಯೂ ಮ್ಯಾಕ್ 2.83 ದಾಟಬಾರದು ಎಂದು ಪೈಲಟ್‌ಗಳಿಗೆ ಕಟ್ಟಪ್ಪಣೆ ಇತ್ತು. ಮೀರಿದರೆ ಎಂಜಿನ್ ಕೈಕೊಡುತ್ತಿತ್ತು.

ಈ ವಿಮಾನ ನಮ್ಮಲ್ಲಿಯೂ ಇತ್ತು. 1981ರಲ್ಲಿ ಭಾರತೀಯ ವಾಯುಪಡೆ ಮಿಗ್-25ರ ಬೇಹುಗಾರಿಕೆ ಮಾದರಿಯನ್ನು ತಂದು, ಉತ್ತರ ಪ್ರದೇಶದ ಬರೇಲಿಯಲ್ಲಿ 102ನೇ ಸ್ಕ್ವಾಡ್ರನ್ ಕಟ್ಟಿತು. ಸ್ಕ್ವಾಡ್ರನ್ನಿನ ಹೆಸರೇ ಟ್ರೈಸಾನಿಕ್ಸ್. ಇಪ್ಪತ್ತು ಕಿಲೋಮೀಟರಿಗೂ ಎತ್ತರದಿಂದ ಗಡಿಯಾಚೆಯ ಚಿತ್ರ ತೆಗೆಯುವುದು ಅವುಗಳ ಕೆಲಸ. ಬೆರಳೆಣಿಕೆಯ ಆ ವಿಮಾನಗಳು 2006ರ ಮೇ ತಿಂಗಳಲ್ಲಿ ನಿವೃತ್ತವಾದವು. ಆ ಚಿತ್ರಗಳನ್ನು ಉಪಗ್ರಹಗಳು ಇನ್ನೂ ಅಗ್ಗವಾಗಿ, ಯಾರ ವಾಯುಗಡಿಯನ್ನೂ ದಾಟದೆ ಕೊಡತೊಡಗಿದ್ದವು.

ವೇಗದ ಎರಡನೇ ಶತ್ರು ತಿರುವು. ಇದನ್ನು ನಮ್ಮ ಸೀಮೆಯ ನಕಾಶೆ ಇಟ್ಟುಕೊಂಡೇ ನೋಡಬಹುದು. ಮ್ಯಾಕ್ 3ರಲ್ಲಿ ಹೋಗುತ್ತಿರುವ ವಿಮಾನವನ್ನು ಪೈಲಟ್ ತನ್ನ ತೂಕದ ಮೂರು ಪಟ್ಟು ಭಾರ ಸಹಿಸಿಕೊಂಡು ತಿರುಗಿಸಿದ ಎನ್ನಿ. ಆ ತಿರುವಿನ ತ್ರಿಜ್ಯ 28 ಕಿ.ಮೀ. ಬರುತ್ತದೆ. ಅಂದರೆ ಪೂರ್ತಿ ಹಿಂತಿರುಗಿ ಬಂದ ದಿಕ್ಕಿಗೆ ಮುಖ ಮಾಡುವಷ್ಟರಲ್ಲಿ ವಿಮಾನ 56 ಕಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಬಾದಾಮಿಗೂ ಇಳಕಲ್ಲಿಗೂ ನೇರ ಅಂತರ ಸುಮಾರು 47 ಕಿ.ಮೀ. ಬಾದಾಮಿಯ ಗುಹೆಗಳ ಮೇಲೆ ಹೊರಳಲು ಶುರುಮಾಡಿದವನು ಅಮೀನಗಡ, ಹುನಗುಂದ ಎಲ್ಲ ದಾಟಿ, ಇಳಕಲ್ಲಿನ ಮಗ್ಗಗಳನ್ನೂ ಹಿಂದೆ ಹಾಕಿ ಆಮೇಲೆ ನೆಟ್ಟಗಾಗುತ್ತಾನೆ. ಶಬ್ದಕ್ಕಿಂತ ತುಸು ಕಡಿಮೆ ವೇಗದ ವಿಮಾನ ಅದೇ ತಿರುವನ್ನು ಐದು ಕಿಲೋಮೀಟರಿನಲ್ಲಿ ಮುಗಿಸುತ್ತದೆ. ಐಹೊಳೆಯ ಊರಗಡಿಯೊಳಗೇ ಆಯಿತು ಅನ್ನಿ. ಎದುರಾಳಿ ಹತ್ತಿರ ಬಂದು ಕಾದಾಟಕ್ಕೆ ಇಳಿದರೆ ಗೆಲ್ಲುವವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ಸದ್ದಿನ ವಿಚಾರ ಬೇರೆಯೇ ಇದೆ. 2020ರ ಮೇ 20ರ ಮಧ್ಯಾಹ್ನ, ಲಾಕ್‌ಡೌನಿನ ಸದ್ದಿಲ್ಲದ ಬೆಂಗಳೂರಿನಲ್ಲಿ ಕಿಟಕಿ ನಡುಗುವಂಥ ಸ್ಫೋಟ ಕೇಳಿಸಿತು. ಭೂಕಂಪವೆಂದು ಕೆಲವರು ಹೊರಗೋಡಿದರು. ಸಂಜೆ ರಕ್ಷಣಾ ಇಲಾಖೆ ಹೇಳಿದ್ದು: ವಾಯುಪಡೆಯ ಪರೀಕ್ಷಾ ವಿಮಾನವೊಂದು ಊರಿನಿಂದ ಆಚೆ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಶಬ್ದಕ್ಕಿಂತ ಕಡಿಮೆ ವೇಗಕ್ಕೆ ಇಳಿಯುವಾಗ ಎದ್ದ ಸದ್ದು ಅದು, 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಕೇಳಿಸಬಲ್ಲದು. ದಿನವೂ ಶಬ್ದವೇಗ ಮೀರುವ ವಿಮಾನಗಳನ್ನು ಜನವಸತಿಯ ಮೇಲೆ ಪರೀಕ್ಷಿಸಲಾಗದು. ಚಳ್ಳಕೆರೆ ಸೀಮೆಯ ಬಯಲಿನಲ್ಲಿ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ಬಂದದ್ದರ ಹಿಂದೆಯೂ ಖಾಲಿ ನೆಲ, ಖಾಲಿ ಆಕಾಶದ ಅಗತ್ಯವಿದೆ.

ಬಿಸಿ, ತಿರುವು, ಸದ್ದು ಯಾವುದೂ ಈ ಜಾತಿಯನ್ನು ಕೊಲ್ಲಲಿಲ್ಲ. ಕೊಂದದ್ದು ಕ್ಷಿಪಣಿ. ಖಂಡಾಂತರ ಕ್ಷಿಪಣಿಯೇ ಅಣುಬಾಂಬು ಹೊತ್ತು ಬರುವುದಾದರೆ ಬಾಂಬರ್ ತಡೆಯುವ ವಿಮಾನಕ್ಕೆ ಏನು ಕೆಲಸ? ಕೆನಡಾ ತನ್ನ ಅಪರೂಪದ ಆವ್ರೊ ಆ್ಯರೋ ವಿಮಾನವನ್ನು 1959ರ ಫೆಬ್ರುವರಿಯಲ್ಲಿ ಒಂದೇ ದಿನಕ್ಕೆ ರದ್ದು ಮಾಡಿತು. ಅದೇ ವರ್ಷ ಅಮೆರಿಕ ಮ್ಯಾಕ್ 3ರ ಎಫ್-108 ಯೋಜನೆಯನ್ನು ಕೈಬಿಟ್ಟಿತು. ಉಳಿಸಿಕೊಂಡದ್ದು ರಷ್ಯಾ ಮಾತ್ರ, ಅದಕ್ಕೆ ಕಾರಣ ಭೂಗೋಳ. ಆರ್ಕ್ಟಿಕ್ ಅಂಚಿನ ಸಾವಿರಾರು ಕಿಲೋಮೀಟರ್ ನಿರ್ಜನ ನೆಲವನ್ನು ಕೆಲವೇ ನೆಲೆಗಳಿಂದ ಕಾಯಬೇಕಾದವರಿಗೆ ಮಿಗ್-31ರಂಥ ಓಟಗಾರ ಬೇಕು. ನಮ್ಮ ಗಡಿಯ ಲೆಕ್ಕ ಹಾಗಿಲ್ಲ. ಎದುರಿನ ವಾಯುನೆಲೆ ಕೆಲವೇ ನಿಮಿಷಗಳ ದೂರದಲ್ಲಿದೆ, ಮಧ್ಯೆ ಹಿಮಾಲಯವೋ ಪಂಜಾಬಿನ ಬಯಲೋ ಇದೆ. ಮ್ಯಾಕ್ 3ಕ್ಕೆ ವೇಗ ಕೂಡಿಸುವಷ್ಟರಲ್ಲಿ ಗಡಿ ದಾಟಿಹೋಗುವ ವಿಮಾನ ನಮಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ನಾವು ಅಂಥದ್ದನ್ನು ಎಂದೂ ಬಯಸಲಿಲ್ಲವೇ? ಬಯಸಿದ್ದೆವು. ಕಟ್ಟಿಯೂ ಕಟ್ಟಿದೆವು.

1956ರ ಆಗಸ್ಟಿನಲ್ಲಿ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಹೆಸರಾಂತ ಜರ್ಮನ್ ಯುದ್ಧವಿಮಾನ ಫೋಕೆ-ವುಲ್ಫ್ 190ರ ವಿನ್ಯಾಸಕಾರ. ಯುದ್ಧ ಸೋತ ಜರ್ಮನಿಯಲ್ಲಿ ಕೆಲಸವಿಲ್ಲದೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲೊಂದು ಜೆಟ್ ಕಟ್ಟಿದ್ದವರು. ನೆಹರೂ ಸರ್ಕಾರ ಕರೆದಾಗ ತಮ್ಮ ಜರ್ಮನ್ ಸಹೋದ್ಯೋಗಿಗಳೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸೇರಿದರು. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ್ದ ಕಾರ್ಖಾನೆ ಅದು, ಇಂದಿನ ಎಚ್‌ಎಎಲ್. ಅಲ್ಲಿ ಅವರಿಗೆ ಸರಿಸಮ ಜೋಡಿಯಾಗಿ ಸಿಕ್ಕವರು ವಿ. ಎಂ. ಘಾಟಗೆ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಬಳಿ ವಾಯುಚಲನಶಾಸ್ತ್ರ ಓದಿ ಬಂದಿದ್ದ ಘಾಟಗೆ, ಭಾರತದ ಮೊದಲ ಸ್ವಂತ ತರಬೇತಿ ವಿಮಾನ ಎಚ್‌ಟಿ-2ನ್ನು 1951ರಲ್ಲೇ ಹಾರಿಸಿ ತೋರಿಸಿದ್ದರು.

ವಾಯುಪಡೆ ಅವರ ಮುಂದಿಟ್ಟ ಬೇಡಿಕೆ ಸಣ್ಣದಾಗಿರಲಿಲ್ಲ. ಶಬ್ದದ ಎರಡು ಪಟ್ಟು ವೇಗ, 60 ಸಾವಿರ ಅಡಿ ಎತ್ತರ, 500 ಮೈಲಿ ಕಾರ್ಯವ್ಯಾಪ್ತಿ. ಇಂಟರ್‌ಸೆಪ್ಟರೂ ಆಗಬೇಕು, ನೆಲದ ದಾಳಿಗೂ ಬರಬೇಕು. ಇದನ್ನು ಕೇಳಿದ್ದು ಸೂಜಿಯಿಂದ ಟ್ರ್ಯಾಕ್ಟರಿನವರೆಗೆ ಹಲವು ಸಾಮಾನುಗಳಿಗೆ ವಿದೇಶದತ್ತ ನೋಡುತ್ತಿದ್ದ ದೇಶ. ಶಬ್ದಾತೀತ ವೇಗದಲ್ಲಿ ಮಾದರಿ ಪರೀಕ್ಷಿಸುವ ದೊಡ್ಡ ಗಾಳಿಸುರಂಗವೂ ಆಗ ದೇಶದಲ್ಲಿ ಇರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್‌ನಲ್ಲಿ 1.2 ಮೀಟರಿನ ಟ್ರೈಸಾನಿಕ್ ಸುರಂಗ ಕೆಲಸ ಶುರುಮಾಡಿದ್ದು 1967ರಲ್ಲಿ. ಆ ಸಂಸ್ಥೆ ಬೆಂಗಳೂರಿಗೆ ಬಂದ ಹೊಸತರಲ್ಲಿ ಜಯಮಹಲ್ ರಸ್ತೆಯ ಅರಮನೆಯ ಕುದುರೆ ಲಾಯದಲ್ಲಿ ಕುಳಿತು ಕೆಲಸ ಮಾಡಿತ್ತು ಎಂದರೆ ಕಾಲ ಎಂಥದ್ದೆಂದು ಊಹಿಸಿ.

ಸುರಂಗವಿಲ್ಲದಿದ್ದರೆ ಏನಾಯಿತು ಎಂದು ಟ್ಯಾಂಕ್ ತಂಡ ಪೂರ್ಣ ಅಳತೆಯ ಒಂದು ಮರದ ಗ್ಲೈಡರ್ ಕಟ್ಟಿತು. ಎಂಜಿನ್ ಇಲ್ಲ, ಡಕೋಟಾ ವಿಮಾನ ಹಗ್ಗ ಕಟ್ಟಿ ಎಳೆದುಕೊಂಡು ಮೇಲೆ ಹೋಗುವುದು, ಬಿಡುವುದು, ಗ್ಲೈಡರ್ ತೇಲುತ್ತ ಕೆಳಗಿಳಿಯುವುದು. 1959ರಲ್ಲಿ ಶುರುವಾದ ಈ ಹಾರಾಟಗಳನ್ನು ಎಪ್ಪತ್ತಕ್ಕೂ ಹೆಚ್ಚು ಬಾರಿ ಮಾಡಿ, ರೆಕ್ಕೆ, ಬಾಲ, ಹಿಡಿತ ಎಲ್ಲವನ್ನೂ ತಿದ್ದಿಕೊಂಡರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಬೆಂಗಳೂರಿನಲ್ಲಿ ಎಚ್‌ಎಫ್-24 ಮಾರುತ್ ವಿಮಾನವನ್ನು ಮೊದಲ ಬಾರಿ ಮೇಲೇರಿಸಿದರು. ಕೆಲಸ ಕೈಗೆತ್ತಿಕೊಂಡು ಐದೇ ವರ್ಷ. ಇಂದು ಯಾವ ದೇಶವೂ ಹೊಸ ಯುದ್ಧವಿಮಾನವನ್ನು ಅಷ್ಟು ಬೇಗ ಹಾರಿಸುವುದು ಸುಲಭವಲ್ಲ.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದವರು ಮಾರುತ್ ಪಕ್ಕದಲ್ಲಿ ಒಂದೆರಡು ನಿಮಿಷ ನಿಲ್ಲಿ. ಉದ್ದನೆಯ ಚೂಪು ಮೂಗು, ನಡುವಿನಲ್ಲಿ ಬಿಗಿದುಕೊಂಡ ಸೊಂಟ, ಹಿಂದಕ್ಕೆ ಬಾಗಿದ ರೆಕ್ಕೆ. ಚೆಂದದ ವಿಮಾನ. ಕಾಕ್‌ಪಿಟ್ಟಿನ ಎರಡೂ ಬದಿಗೆ ಗಾಳಿ ಒಳಗೆಳೆಯುವ ಬಾಯಿಗಳಿವೆ. ಒಂದೊಂದರ ಒಳಬದಿಗೂ ಅರ್ಧ ಸೀಳಿದ ಶಂಕುವಿನಾಕಾರದ ಉಬ್ಬು ಅಂಟಿಕೊಂಡಿದೆ. ಜೆಟ್ ಎಂಜಿನ್ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಯನ್ನು ನುಂಗಲಾರದು, ಅದರ ಮುಂದಿನ ಪಂಖಗಳು ತತ್ತರಿಸುತ್ತವೆ. ಆ ಅರ್ಧಶಂಕು ನುಗ್ಗುವ ಗಾಳಿಗೆ ಓರೆಯಾಗಿ ಅಡ್ಡ ನಿಂತು, ಆಘಾತ ಅಲೆ ಎಬ್ಬಿಸಿ, ವೇಗ ಇಳಿಸಿ, ಒತ್ತಡ ಏರಿಸಿ ಎಂಜಿನ್ನಿಗೆ ಒಪ್ಪಿಸುತ್ತದೆ. ಮ್ಯಾಕ್ 1ರ ಆಚೆ ಹೋಗುವ ವಿಮಾನಕ್ಕೆ ಮಾತ್ರ ಬೇಕಾಗುವ ಅಂಗ ಅದು. ಮಾರುತ್‌ಗೆ ಅದು ಒಮ್ಮೆಯೂ ಪೂರ್ತಿಯಾಗಿ ಉಪಯೋಗಕ್ಕೆ ಬರಲಿಲ್ಲ.

ಯಾಕೆಂದರೆ ಎಂಜಿನ್ ಬರಲಿಲ್ಲ. ವಿನ್ಯಾಸ ಮಾಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ರೂಪಿಸುತ್ತಿದ್ದ ಆರ್ಫಿಯಸ್ 12 ಎಂಬ ಎಂಜಿನ್ನನ್ನು ನಂಬಿ. ಆಫ್ಟರ್‌ಬರ್ನರ್, ಅಂದರೆ ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸುವ ಏರ್ಪಾಡು, ಹಚ್ಚಿದಾಗ ಒಂದೊಂದೂ ಸುಮಾರು 3,700 ಕಿಲೋ ತಳ್ಳುಬಲ ಕೊಡಬೇಕಿತ್ತು; ಎರಡು ಸೇರಿದರೆ ಏಳು ಸಾವಿರದ ಮೇಲೆ. ಬ್ರಿಟನ್ನಿಗೂ ನೇಟೋಗೂ ಆ ಎಂಜಿನ್ ಬೇಡವಾಯಿತು. ಅಭಿವೃದ್ಧಿಯ ಖರ್ಚನ್ನು ನೀವೇ ಕೊಡಿ, ಮುಗಿಸಿಕೊಡುತ್ತೇವೆ ಎಂದಿತು ಕಂಪನಿ. ದೆಹಲಿ ಒಪ್ಪಲಿಲ್ಲ. ಕೈಯಲ್ಲಿ ಉಳಿದದ್ದು ಪುಟ್ಟ ನ್ಯಾಟ್ ವಿಮಾನದ ಬಳಗದ ಆರ್ಫಿಯಸ್ 703. ಆಫ್ಟರ್‌ಬರ್ನರ್ ಇಲ್ಲ, ತಳ್ಳುಬಲ ಒಂದಕ್ಕೆ 2,200 ಕಿಲೋ. ಎರಡೂ ಸೇರಿ ನಾಲ್ಕೂವರೆ ಸಾವಿರ ಕಿಲೋ ದಾಟದ ಬಲದಿಂದ ಸುಮಾರು ಒಂಬತ್ತು ಟನ್ನಿನ ವಿಮಾನವನ್ನು ತಳ್ಳಬೇಕು. ಎರಡು ಮ್ಯಾಕ್‌ಗೆಂದು ಹುಟ್ಟಿದ ಮಾರುತ್ ಒಂದು ಮ್ಯಾಕ್‌ನ ಹೊಸ್ತಿಲಲ್ಲೇ ಉಳಿಯಿತು.

ಆಮೇಲಿನದ್ದು ಎಂಜಿನ್ ಅರಸುವ ಕಥೆ. ಸೋವಿಯತ್ ಎಂಜಿನ್ ನೋಡಿದರು, ಹೊಂದಲಿಲ್ಲ. ಈಜಿಪ್ಟಿನಲ್ಲಿ ಇನ್ನೊಬ್ಬ ಯುರೋಪಿಯನ್, ಫರ್ಡಿನಾಂಡ್ ಬ್ರಾಂಡ್ನರ್, ಇ-300 ಎಂಬ ಎಂಜಿನ್ ಮಾಡುತ್ತಿದ್ದರು. ಒಂದು ಮಾರುತ್‌ನ್ನು ಅಲ್ಲಿಗೇ ಕಳಿಸಿ 1967ರಲ್ಲಿ ಹಾರಿಸಿ ನೋಡಿದರು. ಆ ವರ್ಷ ಈಜಿಪ್ಟ್ ಇಸ್ರೇಲಿನೊಂದಿಗಿನ ಯುದ್ಧ ಸೋತಿತು, ಯೋಜನೆ ಎರಡು ವರ್ಷಗಳಲ್ಲಿ ಮುಚ್ಚಿತು. ಕೊನೆಗೆ ಬೆಂಗಳೂರಿನ ಜಿಟಿಆರ್‌ಇ, ಅಂದರೆ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಇರುವ ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಜೋಡಿಸಲು ಹೊರಟಿತು. ಬಲ ಹೆಚ್ಚಿತು, ಆದರೆ ಹೊಸ ನಳಿಕೆಗಳಿಗಾಗಿ ಹಿಂಭಾಗ ಅಗಲವಾಗಿ, ಗಾಳಿಯ ಎಳೆತವೂ ಹೆಚ್ಚಿ, ಗಳಿಸಿದ್ದನ್ನು ತಿಂದುಹಾಕಿತು. ಆ ಮಾದರಿಯ ಪರೀಕ್ಷೆಯಲ್ಲೇ 1970ರ ಜನವರಿ 10ರಂದು ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನಲ್ಲಿ ಹಳೆ ಮದ್ರಾಸ್ ರಸ್ತೆಯನ್ನೂ ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾರದೆಂದು ಗೊತ್ತೋ.

ಮಾರುತ್ ಸೋಲಲಿಲ್ಲ ಎಂದು ವಾದಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಒಟ್ಟು 147 ವಿಮಾನ ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ ಗಡಿಯಲ್ಲಿ ನೆಲಮಟ್ಟಕ್ಕೆ ಹಾರಿ ದಾಳಿ ಮಾಡಿದವು, ಪೈಲಟ್‌ಗಳು ಅದರ ಗಟ್ಟಿತನವನ್ನು ಮೆಚ್ಚಿದರು. ಆದರೆ ಇಂಟರ್‌ಸೆಪ್ಟರ್ ಕೆಲಸ ಬೇರೆಯವರ ಪಾಲಾಯಿತು. 1963ರಿಂದ ಮಿಗ್-21 ಬರತೊಡಗಿತ್ತು. ಎಂಜಿನ್ ಸಮೇತ, ಪರವಾನಗಿ ಸಮೇತ. ಅದು ವಾಯುಪಡೆಯಲ್ಲಿ ಉಳಿದದ್ದು ಅರುವತ್ತೆರಡು ವರ್ಷ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದನ್ನು ಬೀಳ್ಕೊಟ್ಟರು.

ನನಗೆ ಹೆಚ್ಚು ನಷ್ಟವೆನಿಸುವುದು ಬೇರೆಯದು. ಟ್ಯಾಂಕ್ 1967ರಲ್ಲಿ ಹೊರಟುಹೋದರು. ಮಾರುತ್‌ನ ಮುಂದಿನ ರೂಪವಾಗಬೇಕಿದ್ದ ಎಚ್‌ಎಫ್-73 ಕಾಗದ ಬಿಟ್ಟು ಏಳಲಿಲ್ಲ. ಯುದ್ಧವಿಮಾನ ವಿನ್ಯಾಸ ಕಲಿತಿದ್ದ ತಂಡಕ್ಕೆ ಹೊಸ ಯುದ್ಧವಿಮಾನ ಸಿಗಲಿಲ್ಲ. ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಅಂದರೆ ಎಡಿಎ, ಹುಟ್ಟಿ ತೇಜಸ್ ಯುದ್ಧವಿಮಾನದ ಕೆಲಸ ಶುರುವಾದದ್ದು 1984ರಲ್ಲಿ. ಅದು ಹಾರಿದ್ದು 2001ರ ಜನವರಿ 4ರಂದು. ಒಂದರ ಮೊದಲ ಹಾರಾಟಕ್ಕೂ ಇನ್ನೊಂದರ ಮೊದಲ ಹಾರಾಟಕ್ಕೂ ನಲವತ್ತು ವರ್ಷ. ಅಮೀನಗಡದಿಂದ ಕೂಗಳತೆ ಎನ್ನುವಷ್ಟು ಹತ್ತಿರ ಇರುವ ಐಹೊಳೆಯಲ್ಲಿ ಚಾಲುಕ್ಯರ ಕಲ್ಲುಕುಟಿಗರು ಚಪ್ಪಟೆ ಮಾಡಿನ ಲಾಡಖಾನ್ ಗುಡಿ ಕಟ್ಟಿ ನೋಡಿದರು, ಹಿಂಬದಿ ದುಂಡಗಿರುವ ದುರ್ಗಾ ಗುಡಿ ಕಟ್ಟಿ ನೋಡಿದರು, ಶಿಖರದ ಬಗೆಗಳನ್ನು ಬದಲಿಸಿ ನೋಡಿದರು. ಕೆಲವು ಹೊಂದಲಿಲ್ಲ, ಬಿಟ್ಟರು. ಪಟ್ಟದಕಲ್ಲಿನ ವಿರೂಪಾಕ್ಷ ಎದ್ದದ್ದು ತಲೆಮಾರುಗಳ ಉಳಿ ಕೆಳಗಿಡದ ಆ ಅಭ್ಯಾಸದ ಮೇಲೆ. ಮಾರುತ್ ನಂತರ ನಾವು ಉಳಿ ಕೆಳಗಿಟ್ಟೆವು.

ಎಂಜಿನ್ ವಿಷಯದಲ್ಲಿ ಇದು ಇನ್ನೂ ಘೋರ. ತೇಜಸ್‌ಗೆಂದು ಜಿಟಿಆರ್‌ಇ 1989ರಲ್ಲಿ ಕಾವೇರಿ ಎಂಜಿನ್ ಕೈಗೆತ್ತಿಕೊಂಡಿತು. 81 ಕಿಲೋನ್ಯೂಟನ್ ತಳ್ಳುಬಲ ಗುರಿ. ಗುರಿ ಮುಟ್ಟಲಿಲ್ಲ, ತೂಕ ಹೆಚ್ಚಿತು, 2008ರಲ್ಲಿ ತೇಜಸ್ ಕಾರ್ಯಕ್ರಮದಿಂದ ಬೇರ್ಪಡಿಸಿದರು. ಎಂಜಿನಿಯರುಗಳನ್ನು ಬೈಯುವುದು ಸುಲಭ. ಆದರೆ ಒಳಗೆ ನಡೆಯುವುದೇನು ನೋಡಿ. ದಹನಕೋಣೆಯಿಂದ ಹೊರಬಿದ್ದು ಟರ್ಬೈನಿನ ಅಲಗುಗಳಿಗೆ ಬಡಿಯುವ ಅನಿಲದ ಬಿಸಿ, ಆ ಅಲಗಿನ ಲೋಹ ಕರಗುವ ಬಿಸಿಗಿಂತ ಹೆಚ್ಚು. ಕರಗಬೇಕಾದ ಅಲಗು ಕರಗದೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ, ಗಂಟೆಗಟ್ಟಲೆ ನಿಲ್ಲಬೇಕು. ಅದಕ್ಕಾಗಿ ಅಲಗಿನ ಒಳಗೆ ಕೂದಲೆಳೆಯಂಥ ಕಾಲುವೆ ಕೊರೆದು ಗಾಳಿ ಹಾಯಿಸುತ್ತಾರೆ, ಮೇಲೆ ಪಿಂಗಾಣಿಯಂಥ ಲೇಪ ಕೊಡುತ್ತಾರೆ, ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಹರಳು ಹರಳುಗಳ ನಡುವಿನ ಸಂದೇ ಬಿಸಿಯಲ್ಲಿ ಮೊದಲು ಬಿಡುವ ಜಾಗ. ಈ ವಿದ್ಯೆ ಪುಸ್ತಕದಲ್ಲಿ ಸಿಗುವುದಿಲ್ಲ, ಯಾವ ಸ್ನೇಹಿತ ರಾಷ್ಟ್ರವೂ ಪುಕ್ಕಟೆ ಹೇಳಿಕೊಡುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿಗೆ ಏಕಹರಳಿನ ಅಲಗುಗಳನ್ನು ಮಾಡಿ 2021ರಲ್ಲಿ ಎಚ್‌ಎಎಲ್‌ಗೆ ಕೊಟ್ಟಿತು. ಆ ಸುದ್ದಿ ಬಹುತೇಕ ಪತ್ರಿಕೆಗಳ ಒಳಪುಟದಲ್ಲಿ ಮುಗಿದುಹೋಯಿತು.

ಹೊಸ ಎಂಜಿನ್ನನ್ನು ಕಟ್ಟಿಕೊಂಡು ಹಾರಿ ಪರೀಕ್ಷಿಸುವ ವಿಮಾನವೂ ನಮ್ಮಲ್ಲಿರಲಿಲ್ಲ. ಕಾವೇರಿಯನ್ನು ಆಕಾಶದಲ್ಲಿ ಓಡಿಸಿ ನೋಡಲು ರಷ್ಯಾಕ್ಕೆ ಹೊತ್ತೊಯ್ದು, ಅಲ್ಲಿನ ಇಲ್ಯೂಷಿನ್-76 ವಿಮಾನದ ರೆಕ್ಕೆಗೆ ಕಟ್ಟಿ, 2010ರ ನವೆಂಬರ್‌ನಲ್ಲಿ ಹಾರಿಸಬೇಕಾಯಿತು. ಎರಡು ದಶಕಗಳಲ್ಲಿ ಕಾವೇರಿಗೆ ಆದ ಖರ್ಚು ಸುಮಾರು 2,000 ಕೋಟಿ ರೂಪಾಯಿ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಮಾಡಿಕೊಂಡ ಒಪ್ಪಂದವೊಂದೇ ಸುಮಾರು 48,000 ಕೋಟಿಯದು. ಆ ವಿಮಾನಗಳಿಗೆ ಬೇಕಾದ ಅಮೆರಿಕದ ಜಿಇ ಕಂಪನಿಯ ಎಫ್404 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ, ಹೇಳಿದ ಹೊತ್ತಿಗಿಂತ ಎರಡು ವರ್ಷ ತಡವಾಗಿ. ಮಾರುತ್‌ಗೆ ಆದದ್ದೇ ಇನ್ನೊಂದು ವೇಷದಲ್ಲಿ ಆಯಿತು.

ಈಗ ಮುಂದಿನ ಪೀಳಿಗೆಯ ವಿಮಾನದ ಮಾತು. ಅದರ ಹೆಸರು ಆ್ಯಮ್ಕಾ. ಬೆಂಗಳೂರಿನ ಎಡಿಎ ವಿನ್ಯಾಸ ಮಾಡಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಸುಮಾರು 15,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. 2025ರ ಫೆಬ್ರುವರಿಯ ಏರೋ ಇಂಡಿಯಾದಲ್ಲಿ, ಯಲಹಂಕದಲ್ಲಿ, ಅದರ ಪೂರ್ಣ ಅಳತೆಯ ಮಾದರಿಯನ್ನು ಸಾವಿರಾರು ಜನ ನೋಡಿದರು. 25 ಟನ್, ಎರಡು ಎಂಜಿನ್, ರಾಡಾರಿಗೆ ಸುಲಭಕ್ಕೆ ಸಿಗದ ಮೈ, ಆಯುಧಗಳಿಗೆ ಹೊಟ್ಟೆಯೊಳಗೇ ಜಾಗ. ಆ ವರ್ಷದ ಮೇನಲ್ಲಿ, ಎಚ್‌ಎಎಲ್ ಜೊತೆ ಖಾಸಗಿ ಕಂಪನಿಗಳೂ ಸ್ಪರ್ಧಿಸಬಹುದೆಂದು ಸರ್ಕಾರ ತೀರ್ಮಾನಿಸಿತು. ಇಷ್ಟು ಹೇಳಿದ ಮೇಲೆ ಹುಡುಗರ ಪ್ರಶ್ನೆ ಬರುತ್ತದೆ, ವೇಗ ಎಷ್ಟು? ಮ್ಯಾಕ್ 1.8ರ ಆಸುಪಾಸು. ಮುಖ ಸಪ್ಪೆಯಾಗುತ್ತದೆ.

ಸಪ್ಪೆಯಾಗಬೇಕಿಲ್ಲ. ಅಮೆರಿಕ 2025ರಲ್ಲಿ ಘೋಷಿಸಿದ ಆರನೇ ಪೀಳಿಗೆಯ ಎಫ್-47ಕ್ಕೂ ಅಲ್ಲಿನ ವಾಯುಪಡೆ ಬರೆದುಕೊಂಡ ವೇಗ ಮ್ಯಾಕ್ 2ಕ್ಕಿಂತ ಹೆಚ್ಚು ಎಂದಷ್ಟೇ. ಅರುವತ್ತು ವರ್ಷದ ಹಿಂದಿನ ಮಿಗ್-25ಕ್ಕೆ ಹೋಲಿಸಿದರೆ ಅದೂ ಮೆಲ್ಲಗೆ ಹೋಗುವುದೇ. ಮ್ಯಾಕ್ 3ರ ಓಟದಲ್ಲಿ ಮುನ್ನೂರು ಡಿಗ್ರಿಗೆ ಕಾದ ಮೈ ಕತ್ತಲ ಆಕಾಶದಲ್ಲಿ ಅತಿಗೆಂಪು ಕಣ್ಣಿಗೆ ಉರಿಯುವ ಪಂಜಿನಂತೆ ಕಾಣುತ್ತದೆ. ರಾಡಾರ್ ಅಲೆ ಹೀರುವ ಲೇಪ ಆ ಬಿಸಿಗೆ ನಿಲ್ಲುವುದು ಕಷ್ಟ. ಅಡಗಿಕೊಳ್ಳುವುದು, ಓಡುವುದು ಎರಡೂ ಒಟ್ಟಿಗೆ ಆಗುವುದಿಲ್ಲ ಎಂದಾಗ ಲೋಕದ ವಿನ್ಯಾಸಕಾರರು ಅಡಗುವುದನ್ನು ಆರಿಸಿಕೊಂಡಿದ್ದಾರೆ. ಓಡುವ ಕೆಲಸವನ್ನು ಕ್ಷಿಪಣಿಗೆ ಒಪ್ಪಿಸಿದ್ದಾರೆ. ನಮ್ಮ ಅಸ್ತ್ರ ಕ್ಷಿಪಣಿ ನೂರು ಕಿಲೋಮೀಟರ್ ಆಚೆಯ ವಿಮಾನವನ್ನು ಶಬ್ದದ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಬೆನ್ನಟ್ಟುತ್ತದೆ. ಹಿಂದೆ ಇಂಟರ್‌ಸೆಪ್ಟರ್ ಮಾಡುತ್ತಿದ್ದ ಕೊನೆಯ ಓಟ ಅದೇ; ಪೈಲಟ್ ಮಾತ್ರ ಅದರೊಳಗೆ ಕೂತಿಲ್ಲ. ಅದಕ್ಕೂ ಮುಂದಿನ, ಶಬ್ದಾತೀತ ವೇಗದಲ್ಲಿ ನುಗ್ಗುವ ಗಾಳಿಯಲ್ಲೇ ಇಂಧನ ಉರಿಸುವ ಸ್ಕ್ರಾಮ್‌ಜೆಟ್ ಎಂಜಿನ್‌ನ ದಹನಕೋಣೆಯನ್ನು ಡಿಆರ್‌ಡಿಒ ಹೈದರಾಬಾದಿನಲ್ಲಿ 2025ರ ಏಪ್ರಿಲ್‌ನಲ್ಲಿ ಸಾವಿರ ಸೆಕೆಂಡಿಗೂ ಹೆಚ್ಚು ಹೊತ್ತು ಉರಿಸಿ ನೋಡಿದೆ. ಅದು ಸದ್ಯಕ್ಕೆ ಕ್ಷಿಪಣಿಗೆ. ಮನುಷ್ಯರನ್ನು ಹೊರುವ ವಿಮಾನಕ್ಕಲ್ಲ.

ಹಾಗೆಂದು ಎಂಜಿನ್ ಬಡಕಲಾದರೂ ನಡೆಯುತ್ತದೆ ಎಂದಲ್ಲ. ಹೊಸ ಕಾಲದ ಯುದ್ಧವಿಮಾನ ಆಫ್ಟರ್‌ಬರ್ನರ್ ಹಚ್ಚದೆಯೇ ಶಬ್ದವೇಗ ಮೀರಿ ದೂರ ಹೋಗಬೇಕು. ಆಫ್ಟರ್‌ಬರ್ನರ್ ಹಚ್ಚಿದರೆ ಇಂಧನ ನಿಮಿಷಗಳಲ್ಲಿ ಬರಿದಾಗುತ್ತದೆ, ಹಿಂದೆ ಬೆಂಕಿಯ ಬಾಲ ಕಾಣುತ್ತದೆ. ಜೊತೆಗೆ ದೊಡ್ಡ ರಾಡಾರ್, ಕಂಪ್ಯೂಟರ್, ತಂಪು ಯಂತ್ರ ಎಲ್ಲಕ್ಕೂ ವಿದ್ಯುತ್ ಕೊಡುವುದು ಅದೇ ಎಂಜಿನ್. ಆ್ಯಮ್ಕಾದ ಮೊದಲ ರೂಪಕ್ಕೆ ಜಿಇಯ ಎಫ್414 ಕೂರಿಸುತ್ತಾರೆ, ಒಂದಕ್ಕೆ 98 ಕಿಲೋನ್ಯೂಟನ್. ಎರಡನೇ ರೂಪಕ್ಕೆ 120 ಕಿಲೋನ್ಯೂಟನ್ನಿನ ಹೊಸ ಎಂಜಿನ್ ಬೇಕು. ಅದನ್ನು ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಭಾರತದಲ್ಲೇ ಮಾಡುವುದಾಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ಹೇಳಿದರು.

ಮೂವತ್ತೈದು ವರ್ಷ ಕಾವೇರಿಗೆ ಕೊಟ್ಟದ್ದು ವ್ಯರ್ಥವೇ ಎಂದು ಕೇಳುವವರಿಗೆ ನನ್ನ ಉತ್ತರ, ಅಲ್ಲ. ಸಫ್ರಾನ್ ಎದುರು ಕೂತು ಅಲಗಿನ ಲೋಹದ ಬಗ್ಗೆ ಸರಿಯಾದ ಪ್ರಶ್ನೆ ಕೇಳಬಲ್ಲ ಜನ ನಮ್ಮಲ್ಲಿ ಇದ್ದರೆ ಅವರು ಕಾವೇರಿಯಲ್ಲಿ ಕೈಸುಟ್ಟುಕೊಂಡವರೇ. ಆಫ್ಟರ್‌ಬರ್ನರ್ ಇಲ್ಲದ ಕಾವೇರಿ ಈಗ ಪೈಲಟ್‌ರಹಿತ ಯುದ್ಧವಿಮಾನಕ್ಕೆ ತಯಾರಾಗುತ್ತಿದೆ. ಅಂಥ ವಿಮಾನದ ಬಾಲವಿಲ್ಲದ ಚಿಕ್ಕ ಮಾದರಿ 2022ರ ಜುಲೈ 1ರಂದು ಚಿತ್ರದುರ್ಗ ಜಿಲ್ಲೆಯ ಅದೇ ಪರೀಕ್ಷಾ ವಲಯದಲ್ಲಿ ತಾನಾಗಿ ಏರಿ, ತಾನಾಗಿ ಇಳಿಯಿತು.

ನಮ್ಮ ಭಾಗದ ಹುಡುಗರಿಗೆ ಇದರಲ್ಲಿ ಜಾಗ ಇದೆಯೇ ಎಂದರೆ, ಇದೆ. ಬೆಳಗಾವಿ ಎರಕದ ಕಾರ್ಖಾನೆಗಳ ಊರು. ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಭಾಗಗಳು ತಯಾರಾಗಿ ಹೋಗುತ್ತವೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿಗೆ ಅರುವತ್ತು ದಾಟಿದೆ. ಆದರೆ ಕಂಪ್ಯೂಟರ್ ಸೈನ್ಸ್ ಸೀಟಿಗೆ ಸಾಲ ಮಾಡಿ ಓಡುವ ತಂದೆತಾಯಿ, ಲೋಹಶಾಸ್ತ್ರ ಎಂದರೆ ಇನ್ನೂ ಮುಖ ಸಿಂಡರಿಸುತ್ತಾರೆ. ಮಗ ಉಕ್ಕು ಕಾಯಿಸುವ ವಿದ್ಯೆ ಕಲಿಯುತ್ತೇನೆ ಎಂದರೆ ಬೇಡ ಎನ್ನಬೇಡಿ. ಈ ದೇಶದ ವಿಮಾನ ಅರುವತ್ತು ವರ್ಷ ನಿಂತದ್ದು ಆ ಒಂದು ವಿದ್ಯೆಯ ಕೊರತೆಯಿಂದ.

ಆ್ಯಮ್ಕಾದ ಮೊದಲ ಹಾರಾಟಕ್ಕೆ ಇಟ್ಟುಕೊಂಡ ಗಡುವು 2028-29. ಗಡುವು ಜಾರಬಹುದು, ಇಂಥ ಕೆಲಸದಲ್ಲಿ ಅದು ಮಾಮೂಲು. ಹಾರಿದ ಮರುದಿನ ಪತ್ರಿಕೆಗಳು ಮುಖಪುಟದಲ್ಲಿ ಅದರ ಚಿತ್ರ ಹಾಕುತ್ತವೆ, ವೇಗ, ಎತ್ತರ, ಬೆಲೆಯ ಪಟ್ಟಿ ಕೊಡುತ್ತವೆ. ಓದುಗರು ಆ ಪಟ್ಟಿಯಲ್ಲಿ ಎಂಜಿನ್ ಯಾರದು ಎಂಬ ಸಾಲನ್ನು ಮೊದಲು ಓದಿ. ಮೊದಲ ವಿಮಾನಗಳಲ್ಲಿ ಅಲ್ಲಿ ಅಮೆರಿಕದ ಹೆಸರೇ ಇರುತ್ತದೆ.